ಮರಿ ಕಾಯೋ ಮೀನಿಗೆ ಗಾಳ ಎಸೆಯೋದು ಆಟ ಅಲ್ಲ ಗುರು

(1/8)
ಆ ರೀಲ್ ನಿಮ್ಮ ಫೀಡಿಗೂ ಬಂದಿರುತ್ತೆ. ಕೆರೆ ಅಂಚು, ಜೊಂಡಿನ ಪಕ್ಕ, ನೀರಿನ ಮೇಲೆ ಕೆಂಪಗೆ ಒಂದು ಉಂಡೆ, ಸಣ್ಣ ಸಣ್ಣ ಗುಳ್ಳೆ. ಒಬ್ಬ ರಬ್ಬರ್ ಕಪ್ಪೆನ ಸರಿಯಾಗಿ ಆ ಉಂಡೆ ಮೇಲೇ ಎಸೀತಾನೆ. ಒಂದು ಸಲ, ಎರಡು ಸಲ, ಮೂರನೇ ಸಲಕ್ಕೆ ಧಡ್ ಅಂತ ಹೊಡೆತ. ರಾಡು ಬಾಗುತ್ತೆ, ಹಿಂದೆ ಸಿನಿಮಾ ಬಿಜಿಎಂ, ಕೈಯಲ್ಲಿ ದೊಡ್ಡ ಕುಚ್ಚು ಮೀನು. ಕೆಳಗೆ ಕಾಮೆಂಟು: "ಬೆಂಕಿ ಮಗಾ".

ನಾನು ಹೇಳೋದು ಇಷ್ಟೇ. ಅದು ಬೆಂಕಿ ಅಲ್ಲ. ಗಾಳದ ಆಟದಲ್ಲಿ ಅದಕ್ಕಿಂತ ಸುಲಭದ ಕೆಲಸ ಇಲ್ಲ, ಅದಕ್ಕಿಂತ ನಾಚಿಕೆಗೇಡಿನ ಕೆಲಸಾನೂ ಇಲ್ಲ. ಬಯ್ಯೋದಿದ್ರೆ ಎಂಟೂ ಭಾಗ ಓದಿ ಆಮೇಲೆ ಬಯ್ಯಿರಿ.

(2/8)
ಮೊದಲು ಆ ಕೆಂಪು ಉಂಡೆ ಏನು ಅಂತ ತಿಳ್ಕೊಳ್ಳಿ. ಅದು ಕುಚ್ಚು ಮೀನಿನ ಮರಿಗಳು. ಕೆಲವರು ಈ ಮೀನಿಗೆ ಕೊರವ ಅಂತಾರೆ, ಪೇಟೆ ಅಂಗಡಿಯಲ್ಲಿ ಮರಲ್ ಅಂತಾರೆ. ವಿಜ್ಞಾನದ ಹೆಸರು ಚನ್ನಾ ಸ್ಟ್ರಿಯೇಟಾ.

ಮಳೆ ಬಂದು ಕೆರೆಗೆ ಹೊಸ ನೀರು ಇಳಿದಾಗ ಇವು ಜೋಡಿಯಾಗುತ್ತವೆ. ಅಂಚಿನ ಕಡಿಮೆ ನೀರಲ್ಲಿ ಗಿಡಗಂಟಿ ಸರಿಸಿ ಜಾಗ ಮಾಡ್ಕೊಂಡು ಮೊಟ್ಟೆ ಇಡುತ್ತವೆ. ಮೊಟ್ಟೆ ತೇಲುತ್ತೆ, ಒಂದರಿಂದ ಮೂರು ದಿನದಲ್ಲಿ ಒಡೆಯುತ್ತೆ. ಮರಿಗಳು ಗುಂಪು ಬಿಟ್ಟು ಹೋಗಲ್ಲ. ಕುಚ್ಚು ಗಾಳಿ ಕುಡಿಯೋ ಮೀನು, ಅದಕ್ಕೇ ಮರಿಗಳೂ ಮತ್ತೆ ಮತ್ತೆ ಮೇಲೆ ಬರುತ್ತವೆ. ನಮಗೆ ಕಾಣೋ ಗುಳ್ಳೆ ಅದೇ. ಕೆಳಗೆ ಅಪ್ಪ ಅಮ್ಮ ಕಾವಲು ಇರುತ್ತವೆ, ಹೆಚ್ಚುಕಮ್ಮಿ ಒಂದು ತಿಂಗಳು.

(3/8)
ಈಗ ಯೋಚನೆ ಮಾಡಿ. ಆ ಮೀನು ರಬ್ಬರ್ ಕಪ್ಪೆಗೆ ಯಾಕೆ ಹೊಡೀತು? ಹಸಿವಿಗಲ್ಲ. ಮರಿ ಮೇಲೆ ಏನೋ ಬಿತ್ತು, ಓಡಿಸಬೇಕು, ಅಷ್ಟೇ. ಅಲ್ಲಿಗೆ ನೀವು ಕಪ್ಪೆ ಬದಲು ಹಳೇ ಚಪ್ಪಲಿ ತುಂಡು ಎಸೆದಿದ್ರೂ ಅದು ಬರ್ತಿತ್ತೇನೋ.

ಹಾಗಾದ್ರೆ ನಿಮ್ಮ ಕೈಚಳಕ ಎಲ್ಲಿದೆ? ಬೇರೆ ದಿನ ಆದ್ರೆ ಜೊಂಡಿನ ಸಂದು ಹುಡುಕಬೇಕು, ಸದ್ದಿಲ್ಲದೆ ನಿಲ್ಲಬೇಕು, ಕಪ್ಪೆ ಕುಪ್ಪಳಿಸಿದ ಹಂಗೆ ರೀಲು ಸುತ್ತಬೇಕು, ಹೊಡೆದ ತಕ್ಷಣ ಎಳೀದೆ ಒಂದು ಕ್ಷಣ ತಡೀಬೇಕು. ಅದು ಕಲೆ. ಮರಿ ಉಂಡೆ ಮೇಲೆ ಎಸೆಯೋದಕ್ಕೆ ಇದ್ಯಾವುದೂ ಬೇಡ. ಜಾಗ ಅದೇ ತೋರಿಸುತ್ತೆ, ಸಿಟ್ಟೂ ಅದೇ ಮಾಡ್ಕೊಳ್ಳುತ್ತೆ. ನಿಮ್ಮ ಕೆಲಸ ಬರೀ ಕ್ಯಾಮೆರಾ ಆನ್ ಮಾಡೋದು.

(4/8)
"ಗುರು, ನಾನು ಫೋಟೋ ತೆಗೆದು ವಾಪಸ್ ಬಿಡ್ತೀನಿ" ಅನ್ನೋರಿಗೆ ಈ ಭಾಗ.

ಕೊಕ್ಕೆ ಬಿಡಿಸೋಕೆ, ತೂಕ ನೋಡೋಕೆ, ಫೋಟೋಕ್ಕೆ ಎಷ್ಟು ಹೊತ್ತು ಹಿಡೀತು? ಅಷ್ಟರಲ್ಲಿ ಕಾವಲಿಲ್ಲದ ಉಂಡೆ ಮೇಲೆ ಉಳಿದ ಮೀನುಗಳು ಬೀಳುತ್ತವೆ, ನೀರುಕಾಗೆ ಬೀಳುತ್ತೆ. ಉತ್ತರ ಅಮೆರಿಕದಲ್ಲಿ ಬಾಸ್ ಅನ್ನೋ ಮೀನಿನ ಮೇಲೆ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ. ಅಲ್ಲಿ ಗಂಡು ಮೀನು ಗೂಡು ಕಾಯುತ್ತೆ. ಅದನ್ನ ಹಿಡಿದು ಎತ್ತಿದ ಕೆಲವೇ ನಿಮಿಷದಲ್ಲಿ ಬೇರೆ ಮೀನು ಗೂಡಿಗೆ ನುಗ್ಗಿ ಮೊಟ್ಟೆ, ಮರಿ ತಿನ್ನುತ್ತವೆ. ಬಿಟ್ಟ ಮೇಲೂ ಸುಸ್ತಾದ ಗಂಡು ಕೆಲವು ಸಲ ಗೂಡನ್ನೇ ಬಿಟ್ಟು ಹೋಗುತ್ತೆ. ಅದಕ್ಕೇ ಕೆನಡಾದ ಆಂಟಾರಿಯೋದಲ್ಲಿ ಹಲವು ಕಡೆ ಗೂಡು ಕಟ್ಟೋ ಕಾಲಕ್ಕೆ ಬಾಸ್ ಸೀಸನ್ನೇ ಮುಚ್ಚಿರುತ್ತಾರೆ.

ನೀವು ಬಿಟ್ಟಿದ್ದು ಒಂದು ಮೀನು. ಹೋಗಿದ್ದು ಒಂದು ಸಂಸಾರ.

(5/8)
"ಬಲೆಯವರು ಕ್ವಿಂಟಾಲ್‌ಗಟ್ಟಲೆ ಎತ್ತುತ್ತಾರೆ, ನಮ್ಮ ಒಂದು ಮೀನು ಕಣ್ಣಿಗೆ ಬಿತ್ತಾ?"

ಸರಿಯಾದ ಪ್ರಶ್ನೆ. ಉತ್ತರ ಕೇಳಿ. ಮೀನುಗಾರಿಕೆಗೆ ಗುತ್ತಿಗೆ ಹಿಡಿದೋರು ಸಾಮಾನ್ಯವಾಗಿ ಬಿಡೋದು ಕಾಟ್ಲಾ, ರೋಹು, ಗೆಂಡೆ ಮರಿ. ಹಿಡಿದಷ್ಟೂ ಮತ್ತೆ ಬಿತ್ತುತ್ತಾರೆ, ಅದು ಅವರ ಬೇಸಾಯ, ಅದರ ಮೇಲೆ ಅವರ ಮನೆ ನಡೆಯುತ್ತೆ. ನಮ್ಮ ಕೆರೆಗಳಿಗೆ ಕುಚ್ಚು ಮರಿ ತಂದು ಬಿಡೋರು ಅಪರೂಪ. ಅದು ಇಲ್ಲೇ ಹುಟ್ಟಬೇಕು, ಆ ಕೆಂಪು ಉಂಡೆಯಿಂದಲೇ ಬರಬೇಕು. ಕೆರೆ ಬತ್ತಿದ ವರ್ಷ ಉಳಿದ ನಾಲ್ಕು ಜೋಡಿಯೇ ಮುಂದಿನ ವರ್ಷದ ಬಿತ್ತನೆ. ಅದನ್ನೇ ಹಿಡಿದ್ರೆ?

ಮತ್ತೆ ಗುತ್ತಿಗೆ ಇರೋ ಕೆರೆಯಲ್ಲಿ ಗುತ್ತಿಗೆದಾರರನ್ನ ಕೇಳದೆ ಗಾಳ ಹಾಕೋದೇ ತಪ್ಪು. ಅವರ ಕಡೆ ಬೆರಳು ತೋರಿಸೋ ಮುಂಚೆ ಕೇಳಿದ್ದೀವಾ ಅಂತ ನೋಡ್ಕೊಳ್ಳೋಣ.

(6/8)
ತೆಂಗಿನ ಸೀಮೆಯ ಮಕ್ಕಳಿಗೆ ಇದನ್ನ ಬಿಡಿಸಿ ಹೇಳಬೇಕಾ? ಹೊಂಬಾಳೆ ಒಡೆದ ಮೇಲೆ ಕಾಯಿ ಬಲಿಯೋಕೆ ಸುಮಾರು 12 ತಿಂಗಳು. ಆಮೇಲೆ ಅಟ್ಟದ ಮೇಲೆ ಹಾಕಿ ಉಂಡೆ ಕೊಬ್ಬರಿ ಆಗೋಕೆ ಇನ್ನೂ 8ರಿಂದ 12 ತಿಂಗಳು. ತಿಪಟೂರು ಮಾರುಕಟ್ಟೆಗೆ ಬರೋ ಒಂದೊಂದು ಕೊಬ್ಬರಿ ಹಿಂದೆ ಹತ್ತಿರ ಹತ್ತಿರ ಎರಡು ವರ್ಷದ ತಾಳ್ಮೆ ಇದೆ. ನಿಮ್ಮ ತೋಟಕ್ಕೆ ಒಬ್ಬ ನುಗ್ಗಿ ಎಳೇ ಹೊಂಬಾಳೆ ಕಡಿದು, ಹೆಗಲ ಮೇಲೆ ಇಟ್ಕೊಂಡು ರೀಲ್ಸ್ ಮಾಡಿದ್ರೆ "ಬೆಂಕಿ ಮಗಾ" ಅಂತೀರಾ? ಮಚ್ಚು ಹಿಡ್ಕೊಂಡು ಓಡಿಸ್ಕೊಂಡು ಬರ್ತೀರಾ.

ಕೆರೆಗೆ ಬೇಲಿ ಇಲ್ಲ, ಪಹಣಿಯಲ್ಲಿ ನಿಮ್ಮಪ್ಪನ ಹೆಸರಿಲ್ಲ ಅಂತ ನ್ಯಾಯ ಬದಲಾಗುತ್ತಾ?

(7/8)
ಹಿಡಿಯಲೇಬೇಡಿ ಅಂತಿಲ್ಲ. ಸಾರು ಮಾಡಿ ತಿನ್ನೋದೂ ತಪ್ಪಲ್ಲ. ಗಾಳ ಹಾಕೋರಿಗೆ ಗಾಳ ಹಾಕೋರೇ ನಿಯಮ ಮಾಡ್ಕೊಳ್ಳಬಹುದು. ಕ್ಯಾಲಿಫೋರ್ನಿಯಾದ ಬೀಚ್‌ಗಳಲ್ಲಿ ಅಲೆ ಅಂಚಲ್ಲಿ ನಿಂತು ಹಗುರ ರಾಡು, ಬೆರಳುದ್ದದ ರಬ್ಬರ್ ಹುಳು ಹಾಕಿ ಸರ್ಫ್ ಪರ್ಚ್ ಹಿಡೀತಾರೆ. ಆ ಮೀನು ಮೊಟ್ಟೆ ಇಡಲ್ಲ, ಹೊಟ್ಟೆಯಲ್ಲೇ ಬೆಳೆಸಿ ಮರಿ ಹಾಕುತ್ತೆ. ಹೊಟ್ಟೆ ಉಬ್ಬಿದ ಹೆಣ್ಣು ಸಿಕ್ಕಿದ್ರೆ ಎಷ್ಟೋ ಜನ ತಾವಾಗೇ ನೀರಿಗೆ ಬಿಡ್ತಾರೆ. ಅವರ ಕೈಲಿ ಆಗೋದು ನಮ್ಮ ಕೈಲಿ ಆಗಲ್ವಾ?

ನಮ್ಮ ಕೆರೆಗೆ ನಾನು ಹೇಳೋದು ಇಷ್ಟು:
• ಕೆಂಪು ಉಂಡೆ ಕಂಡ್ರೆ ಆ ಜಾಗ ಬಿಟ್ಟು ದೂರ ಹೋಗಿ. ಜಾಗದ ಲೊಕೇಶನ್ ಹಾಕಬೇಡಿ.
• ಜೊಂಡಿನಲ್ಲಿ ಕುಚ್ಚಿಗೆ ಹೋದ್ರೆ ಗಟ್ಟಿ ಹೆಣೆದ ದಾರ ಬಳಸಿ. ಅಲ್ಲಿ ಸಣ್ಣ ದಾರ ಕಿತ್ತು, ಬಾಯಲ್ಲಿ ಕೊಕ್ಕೆ ಇಟ್ಕೊಂಡೇ ಮೀನು ಹೋಗುತ್ತೆ.
• ಕೊಕ್ಕೆಯ ಮುಳ್ಳನ್ನ ಇಕ್ಕಳದಲ್ಲಿ ಒತ್ತಿಬಿಡಿ. ಬಿಡಿಸೋದು ಸಲೀಸು.
• ಹಗುರ ರಾಡಿನ ಮಜಾ ಬೇಕಾ? ಬಯಲು ನೀರಲ್ಲಿ ಜಿಲೇಬಿ ಹಿಡೀರಿ. ಎರೆಹುಳಕ್ಕೆ ಬರುತ್ತೆ, ಆಗಾಗ ಚಿಕ್ಕ ಸ್ಪಿನ್ನರ್‌ಗೂ ಬರುತ್ತೆ. ಅದೂ ಬಾಯಲ್ಲಿ ಮರಿ ಕಾಯುತ್ತೆ, ನಿಜ. ಆದ್ರೆ ಅದು ಆಫ್ರಿಕಾದ ಮೀನು, 1952ರಲ್ಲಿ ಭಾರತಕ್ಕೆ ತಂದದ್ದು. ಬಿಟ್ಟ ಕೆರೆಯಲ್ಲೆಲ್ಲ ಹೆಚ್ಚಿಕೊಂಡು ನಮ್ಮ ಮೀನಿನ ಜಾಗ ತಿಂದಿದೆ. ಎಷ್ಟು ಹಿಡಿದ್ರೂ ಕೆರೆಗೆ ನಷ್ಟ ಇಲ್ಲ.
• ತುಂಡಾದ ದಾರ ಜೇಬಿಗೆ. ಏರಿ ಮೇಲೆ ದನ ಮೇಯುತ್ತವೆ.

(8/8)
ಪಕ್ಕದ ತೆಲಂಗಾಣ ಇದೇ ಕುಚ್ಚು ಮೀನನ್ನ ರಾಜ್ಯದ ಮೀನು ಅಂತ ಮಾಡ್ಕೊಂಡಿದೆ. ನಾವು ಅದರ ಮರಿ ಉಂಡೆನ ಟಾರ್ಗೆಟ್ ಬೋರ್ಡ್ ಮಾಡ್ಕೊಂಡಿದ್ದೀವಿ.

ಮಲ್ಲಾಘಟ್ಟ ಆಗಲಿ, ನೊಣವಿನಕೆರೆ ಆಗಲಿ, ಬೋರನಕಣಿವೆ ಆಗಲಿ, ನಿಮ್ಮೂರ ಹೆಸರಿಲ್ಲದ ಕಟ್ಟೆ ಆಗಲಿ, ಅಂಚಲ್ಲಿ ನಿಂತು ನೋಡೋರು ಇಲಾಖೆಯವರಲ್ಲ, ನೀವೇ. ಕಾನೂನಿನ ಪುಸ್ತಕ ಅಲ್ಲಿಗೆ ನಡ್ಕೊಂಡು ಬರಲ್ಲ. ಆದ್ರೆ ಆ ರೀಲು ಓಡೋದು ನಿಮ್ಮ ಲೈಕಿನ ಮೇಲೆ. ಅದನ್ನ ನಿಲ್ಲಿಸೋದು ನಿಮ್ಮ ಹೆಬ್ಬೆರಳಿಗೆ ಬಿಟ್ಟಿದ್ದು.

ಮುಂದಿನ ಸಲ ಅಂಥ ರೀಲು ಬಂದ್ರೆ ಬಯ್ಯಬೇಡಿ, ಜಗಳ ಬೇಡ. ಲೈಕ್ ಒತ್ತಬೇಡಿ. ಕಾಮೆಂಟಲ್ಲಿ ಒಂದೇ ಸಾಲು ಬರೀರಿ: "ಮರಿ ಏನಾದ್ವು ಮಗಾ?"

ಉತ್ತರ ಕೊಡೋಕೆ ಅವನಿಗೇ ಕಷ್ಟ ಆಗಲಿ.

#ಮರಿಏನಾದ್ವು #ಕುಚ್ಚುಮೀನು #ನಮ್ಮಕೆರೆ #ತಿಪಟೂರು #ತುರುವೇಕೆರೆ #ಚಿಕ್ಕನಾಯಕನಹಳ್ಳಿ