ಮಂಡಕ್ಕಿಯ ಗಾತ್ರ, ಕಡಲೆಯ ತೂಕ

ದಾವಣಗೆರೆಯಲ್ಲಿ ಸಂಜೆಯಾಯಿತೆಂದರೆ ಮಂಡಕ್ಕಿಯ ಅಂಗಡಿಗಳ ಮುಂದೆ ಜನ ನೆರೆಯುವುದು ವಾಚಕರಲ್ಲಿ ಅನೇಕರು ಬಲ್ಲ ಸಂಗತಿ. ಖಾರ ಮಂಡಕ್ಕಿ, ಒಗ್ಗರಣೆ ಮಂಡಕ್ಕಿ, ನರ್ಗಿಸ್ ಮಂಡಕ್ಕಿ, ಜೊತೆಗೆ ಬಿಸಿಬಿಸಿಯಾದ ಮೆಣಸಿನಕಾಯಿ ಬಜ್ಜಿ. ಇವುಗಳ ರುಚಿಯನ್ನು ಅಲ್ಲಗಳೆಯುವ ಧೈರ್ಯ ನಮಗಿಲ್ಲ, ಅಂತಹ ಉದ್ದೇಶವೂ ಇಲ್ಲ. ಆದರೆ ಈ ತಿಂಡಿಯನ್ನು ಕುರಿತು ಭೌತಶಾಸ್ತ್ರದ ಕಡೆಯಿಂದ ಒಂದು ಸಣ್ಣ ಆಕ್ಷೇಪಣೆ ಇದೆ. ಅದನ್ನು ಇಲ್ಲಿ ಮುಂದಿಡುತ್ತೇವೆ.

ಹರಿಹರದಿಂದ ದಿನವೂ ಕಾಲೇಜಿಗೆ ಬರುವ ನಮ್ಮ ವಿದ್ಯಾರ್ಥಿಯೊಬ್ಬನು, ಮೈ ಕಟ್ಟುಮಸ್ತಾಗಲೆಂದು ತಾನು ಕೊಳ್ಳಬೇಕೆಂದಿದ್ದ ಪ್ರೋಟೀನ್ ಪುಡಿಯ ವಿಚಾರವಾಗಿ ಒಮ್ಮೆ ನಮ್ಮನ್ನು ಕೇಳಿದನು. ಒಂದು ಡಬ್ಬಿಯ ಬೆಲೆ ಅವನ ತಿಂಗಳ ಕೈಖರ್ಚನ್ನು ಮೀರುತ್ತಿತ್ತು. “ಸಂಜೆ ಏನು ತಿನ್ನುತ್ತೀಯಪ್ಪ?” ಎಂದು ಕೇಳಿದೆವು. “ಮಂಡಕ್ಕಿ ಸರ್, ಹೊಟ್ಟೆ ತುಂಬ” ಎಂದನು. ಈ ‘ಹೊಟ್ಟೆ ತುಂಬ’ ಎಂಬ ಮಾತಿನಲ್ಲಿಯೇ ತೊಡಕು ಅಡಗಿದೆ.

ಮಂಡಕ್ಕಿ ಆಗುವ ಬಗೆಯನ್ನು ನೋಡಿರಿ. ಭಟ್ಟಿಯ ಕಾದ ಮರಳಿಗೆ ಅಕ್ಕಿ ಬಿದ್ದೊಡನೆ ಅದರೊಳಗಿನ ಅಲ್ಪಸ್ವಲ್ಪ ನೀರು ಹಬೆಯಾಗುತ್ತದೆ. ನೀರು ಹಬೆಯಾದಾಗ, ಸಾಮಾನ್ಯ ವಾಯುಭಾರದಲ್ಲಿ, ಅದರ ಗಾತ್ರ ಸುಮಾರು ೧,೬೦೦ ಪಟ್ಟು ಹೆಚ್ಚುತ್ತದೆ. ಆ ಒತ್ತಡಕ್ಕೆ ಮೆತ್ತಗಾದ ಪಿಷ್ಟವು ಉಬ್ಬಿ, ಒಳಗೆಲ್ಲ ಗಾಳಿಗೂಡುಗಳಾಗುತ್ತವೆ. ಅಕ್ಕಿಯ ಕಾಳು ಹಲವು ಪಟ್ಟು ದೊಡ್ಡದಾಯಿತು. ಆದರೆ ಅದರ ತೂಕವಾಗಲಿ ಸತ್ತ್ವವಾಗಲಿ ಎಳ್ಳಷ್ಟೂ ಹೆಚ್ಚಲಿಲ್ಲ. ಕಣ್ಣು ಗಾತ್ರವನ್ನು ಅಳೆಯುತ್ತದೆ. ದೇಹಕ್ಕೆ ದಕ್ಕುವುದು ತೂಕದ ಲೆಕ್ಕ.

ಒಂದು ಸಾಧಾರಣ ಲೋಟದ ತುಂಬ ಮಂಡಕ್ಕಿಯನ್ನು ತಕ್ಕಡಿಗೆ ಹಾಕಿದರೆ ಅದು ೧೫ ಗ್ರಾಮನ್ನು ದಾಟುವುದು ಕಷ್ಟ. ಅದರಲ್ಲಿರುವ ಸಸಾರಜನಕ, ಅಂದರೆ ಪ್ರೋಟೀನ್, ಸುಮಾರು ೧ ಗ್ರಾಂ ಮಾತ್ರ. ಅದೇ ಲೋಟದಲ್ಲಿ ನಮ್ಮ ಕಡೆ ಪುಟಾಣಿಯೆನ್ನುವ ಹುರಿಗಡಲೆಯನ್ನು ತುಂಬಿದರೆ ತೂಕ ೧೦೦ ಗ್ರಾಮನ್ನು ಮೀರುತ್ತದೆ. ಸಸಾರಜನಕವೂ ೨೦ ಗ್ರಾಮಿಗೆ ಮೇಲ್ಪಟ್ಟು ಇರುತ್ತದೆ. ಲೋಟ ಒಂದೇ, ಫಲದಲ್ಲಿ ಇಪ್ಪತ್ತು ಪಟ್ಟಿನ ಅಂತರ! ಇಷ್ಟನ್ನು ಒಮ್ಮೆಗೆ ತಿನ್ನಬೇಕೆಂದು ನಾವು ಹೇಳುತ್ತಿಲ್ಲ. ಒಂದು ದೊಡ್ಡ ಹಿಡಿ, ಎಂದರೆ ೩೦ ಗ್ರಾಂ ಹುರಿಗಡಲೆ ಸಾಕು. ಅದರಲ್ಲಿ ಒಂದು ಕೋಳಿಮೊಟ್ಟೆಯಲ್ಲಿರುವಷ್ಟು ಸಸಾರಜನಕವಿದೆ. ಶೇಂಗಾದಲ್ಲಿ ಇನ್ನೂ ಸ್ವಲ್ಪ ಹೆಚ್ಚು, ನೂರಕ್ಕೆ ೨೫ ಭಾಗ. ಹೆಸರು, ಹುರುಳಿ ಮೊದಲಾದ ಒಣಕಾಳುಗಳಲ್ಲಿ ನೂರಕ್ಕೆ ೨೨ರಿಂದ ೨೪ ಭಾಗ. ಬೇಯಿಸಿ ಗುಗ್ಗರಿ ಮಾಡಿದಾಗ ಕಾಳು ನೀರು ಕುಡಿದು ತೂಗುವುದರಿಂದ ಲೆಕ್ಕವನ್ನು ಒಣಕಾಳಿನಿಂದಲೇ ಹಿಡಿಯಬೇಕು.

ದೇಹಕ್ಕೆ ಬೇಕಾದುದೆಷ್ಟು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ೨೦೨೦ರಲ್ಲಿ ಪ್ರಕಟಿಸಿದ ಶಿಫಾರಸಿನಂತೆ, ಆರೋಗ್ಯವಂತ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ ೦.೮೩ ಗ್ರಾಂ. ೬೦ ಕಿಲೋಗ್ರಾಂ ತೂಗುವವನಿಗೆ ೫೦ ಗ್ರಾಂ ಆಯಿತು. ಊಟದಲ್ಲಿ ಬೇಳೆ, ಮೊಸರು ಇದ್ದು, ಸಂಜೆ ಹಿಡಿ ಕಡಲೆಯೋ ಬಟ್ಟಲು ಗುಗ್ಗರಿಯೋ ದೊರೆತರೆ ಈ ಗುರಿ ಡಬ್ಬಿಯ ಹಂಗಿಲ್ಲದೆ ಕೈಗೆಟುಕುತ್ತದೆ.

ಹಾಗಾದರೆ ಮಂಡಕ್ಕಿಯನ್ನು ಬಿಡಬೇಕೆ? ಖಂಡಿತ ಬೇಡ. ಸಸಾರಜನಕವು ಅಮೈನೋ ಆಮ್ಲಗಳಿಂದ ಕಟ್ಟಿದ ಪದಾರ್ಥ. ಅಕ್ಕಿಯಲ್ಲಿ ಲೈಸೀನ್ ಎಂಬುದು ಸಾಲದು. ಕಾಳುಗಳಲ್ಲಿ ಅದು ಧಾರಾಳ. ಕಾಳುಗಳಲ್ಲಿ ಮೆಥಿಯೋನೀನ್ ಕಡಿಮೆ. ಅಕ್ಕಿ ಆ ಕೊರತೆಯನ್ನು ತುಂಬುತ್ತದೆ. ತುಂಗಭದ್ರೆಯ ದಡದ ಹರಿಹರೇಶ್ವರನಂತೆ, ಇಲ್ಲಿಯೂ ಎರಡು ಅರ್ಧಗಳು ಕೂಡಿದಾಗಲೇ ಮೂರ್ತಿ ಪೂರ್ಣ. ಮಂಡಕ್ಕಿಯ ಮೇಲೆ ಪುಟಾಣಿ ಹಿಟ್ಟನ್ನು ಉದುರಿಸಿದ ನಮ್ಮ ಹಿರಿಯರಿಗೆ ಈ ಆಮ್ಲಗಳ ಹೆಸರು ತಿಳಿದಿರಲಿಲ್ಲ. ನಾಲಗೆ ಅವರನ್ನು ಸರಿದಾರಿಯಲ್ಲಿಯೇ ನಡೆಸಿತು. ತಪ್ಪಿದ್ದು ಪ್ರಮಾಣ: ಕಾಳು ಚಿಟಿಕೆಯಾಯಿತು, ಗಾಳಿ ರಾಶಿಯಾಯಿತು.

ಈ ಜೋಡಿ ಕಾಳುಗಳ ಬೆಲೆಯನ್ನು ವಿಜ್ಞಾನಿಗಳೂ ಅರಿತಿದ್ದರು. ೧೯೫೦ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಆಹಾರದ ಕೊರತೆಯ ಆ ಕಾಲದಲ್ಲಿ ‘ವಿವಿಧೋದ್ದೇಶ ಆಹಾರ’ವೊಂದನ್ನು ಸಿದ್ಧಪಡಿಸಿತು. ಎಣ್ಣೆ ತೆಗೆದ ಶೇಂಗಾ ಹಿಟ್ಟು ಮೂರು ಪಾಲು, ಕಡಲೆ ಹಿಟ್ಟು ಒಂದು ಪಾಲು, ಜೊತೆಗೆ ಜೀವಸತ್ತ್ವಗಳು. ಇದೇ ಅದರ ಮುಖ್ಯ ಪಾಕ. ಅದರ ಎರಡು ಮುಖ್ಯ ಸಾಮಗ್ರಿಗಳೂ ನಮ್ಮ ಸಂತೆಯಲ್ಲಿ ಇಂದಿಗೂ ರಾಶಿಯಾಗಿ ಬಿದ್ದಿವೆ.

ಎಚ್ಚರಿಕೆಯ ಮಾತುಗಳೂ ಇವೆ. ಶೇಂಗಾದಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಎಣ್ಣೆ. ಹಿಡಿಯ ಮಿತಿ ಒಳ್ಳೆಯದು. ಬೂಸಲು ಹಿಡಿದ, ಕಹಿಯಾದ ಬೀಜಗಳಲ್ಲಿ ವಿಷವಿರಬಹುದು; ಅವನ್ನು ಎಸೆಯಬೇಕು. ಶೇಂಗಾ ಒಗ್ಗದವರೂ ಮೂತ್ರಪಿಂಡದ ರೋಗವುಳ್ಳವರೂ ವೈದ್ಯರ ಮಾತಿನಂತೆಯೇ ನಡೆಯತಕ್ಕದ್ದು. ಬಜ್ಜಿಯ ಕಡಲೆ ಹಿಟ್ಟನ್ನು ಈ ಲೆಕ್ಕಕ್ಕೆ ಸೇರಿಸುವ ಆಸೆ ಕೆಲವರಿಗೆ ಆಗಬಹುದು. ಅದು ಹೀರಿದ ಎಣ್ಣೆಯನ್ನೂ ಸೇರಿಸಲಿ!

ನಮ್ಮ ಸೂಚನೆ ಇಷ್ಟೆ. ಎರಡೂ ಊರುಗಳ ಕಾಲೇಜು ಕ್ಯಾಂಟೀನುಗಳಲ್ಲಿ, ವಿದ್ಯಾರ್ಥಿನಿಲಯಗಳಲ್ಲಿ ಸಂಜೆಯ ಹೊತ್ತು ಗುಗ್ಗರಿ, ಮೊಳಕೆಯ ಹೆಸರುಕಾಳು, ಸಿಪ್ಪೆಸಹಿತ ಹುರಿದ ಕಡಲೆ ದೊರೆಯುವಂತಾಗಲಿ. ಮಂಡಕ್ಕಿ ಕೊಳ್ಳುವವರು ಎರಡು ಹಿಡಿ ಮಂಡಕ್ಕಿಗೆ ಒಂದು ಹಿಡಿ ಕಾಳನ್ನು ಕೇಳಿ ಹಾಕಿಸಿಕೊಳ್ಳಲಿ. ನಮ್ಮ ಮಾತನ್ನು ಸುಮ್ಮನೆ ನಂಬಬೇಕಾಗಿಲ್ಲ. ಒಂದು ಲೋಟ, ಒಂದು ತಕ್ಕಡಿ ಇದ್ದರೆ ಯಾರಾದರೂ ಪರೀಕ್ಷಿಸಬಹುದು. ಆ ವಿದ್ಯಾರ್ಥಿಯೂ ಮನೆಯಲ್ಲಿ ಹಾಗೆಯೇ ತೂಗಿ ನೋಡಿದನು, ಡಬ್ಬಿಯನ್ನು ಕೊಳ್ಳಲಿಲ್ಲ.