ಕಂಪೆನಿಯ ದಾಖಲಾತಿ ಸಂಖ್ಯೆಯನ್ನು ಓದುವ ಬಗೆ

ಹೊಸೂರು, ಸೂಳಗಿರಿ, ಡೆಂಕಣಿಕೋಟೆಯ ಕಡೆಯ ನಮ್ಮ ಮನೆಗಳಿಗೆ ಈಚೆಗೆ ನೆಂಟರ ಕಾಗದಕ್ಕಿಂತ ಕಂಪೆನಿಗಳ ಕಾಗದವೇ ಹೆಚ್ಚಾಗಿ ಬರುತ್ತಿದೆ. ಮಗನಿಗೆ ಕೆಲಸದ ಆದೇಶ, ಮಗಳಿಗೆ ತರಬೇತಿಯ ಪತ್ರ, ಅಪ್ಪನ ಹೆಸರಿಗೆ ಠೇವಣಿಯ ರಸೀದಿ. ಇಂಗ್ಲಿಷ್ ಬಾರದ ಹಿರಿಯರು ಅದನ್ನು ಮಕ್ಕಳ ಕೈಗಿತ್ತು, "ಏನು ಬರೆದಿದೆ ನೋಡಪ್ಪಾ" ಎನ್ನುವುದು ವಾಡಿಕೆ. ಮಕ್ಕಳು ನಡುವಿನ ಒಕ್ಕಣೆಯನ್ನು ಓದಿ ಹೇಳುತ್ತಾರೆ. ಕಾಗದದ ತಲೆಯಲ್ಲೋ ಬುಡದಲ್ಲೋ ಸಣ್ಣಕ್ಷರದಲ್ಲಿ ಅಚ್ಚಾಗಿರುವ ಒಂದು ಉದ್ದನೆಯ ಸಂಖ್ಯೆಯನ್ನು ಮಾತ್ರ ಯಾರೂ ಓದುವುದಿಲ್ಲ. ಮೊದಲು ಓದತಕ್ಕದ್ದು ಅದನ್ನೇ.

ಅದರ ಹೆಸರು ಸಿ.ಐ.ಎನ್. ಅಕ್ಷರ, ಅಂಕೆ ಎಲ್ಲ ಸೇರಿ 21 ಸ್ಥಾನಗಳು. ನಮ್ಮೂರಿನದೇ ಒಂದು ಉದಾಹರಣೆಯನ್ನು ನೋಡೋಣ. ಹೊಸೂರಿನ ಸಿಪ್‌ಕಾಟ್ ಬಡಾವಣೆಯಲ್ಲಿ ನೋಂದಾಯಿತ ಕಚೇರಿಯಿರುವ ಟೈಟಾನ್ ಕಂಪೆನಿಯ ಸಂಖ್ಯೆ ಹೀಗಿದೆ: ಎಲ್ 74999 ಟಿಜೆಡ್ 1984 ಪಿಎಲ್‌ಸಿ 001456. ಮೊದಲಿನ 'ಎಲ್' ಎಂದರೆ ಇದರ ಷೇರುಗಳು ಷೇರುಪೇಟೆಯ ಪಟ್ಟಿಯಲ್ಲಿವೆ ಎಂದರ್ಥ; ಪಟ್ಟಿಯಲ್ಲಿಲ್ಲದ ಕಂಪೆನಿಗೆ 'ಯು' ಇರುತ್ತದೆ. ಮುಂದಿನ ಐದಂಕೆ ಉದ್ಯಮದ ವರ್ಗ. ಇದನ್ನು ಹೆಚ್ಚು ನೆಚ್ಚಬೇಕಾಗಿಲ್ಲ. ಗಡಿಯಾರ ಮಾಡುವ ಕಂಪೆನಿಗೆ 'ಇತರ ವ್ಯವಹಾರ'ದ ಅಂಕೆ ಬಿದ್ದಿದೆ! 1984 ಎಂಬುದು ಕಂಪೆನಿ ಹುಟ್ಟಿದ ವರ್ಷ. 'ಪಿಎಲ್‌ಸಿ' ಎಂದರೆ ಪಬ್ಲಿಕ್ ಲಿಮಿಟೆಡ್. ಪ್ರೈವೇಟ್ ಲಿಮಿಟೆಡ್ ಆಗಿದ್ದರೆ 'ಪಿಟಿಸಿ'. ಕೊನೆಯ ಆರಂಕೆ ರಿಜಿಸ್ಟ್ರಾರರ ಕಚೇರಿಯ ನೋಂದಣಿ ಸಂಖ್ಯೆ. ಟೈಟಾನ್ ವಾಚಸ್ ಎಂದು ಹುಟ್ಟಿದ ಈ ಸಂಸ್ಥೆ ಬಳಿಕ ಟೈಟಾನ್ ಇಂಡಸ್ಟ್ರೀಸ್ ಆಯಿತು, 2013ರಲ್ಲಿ ಟೈಟಾನ್ ಕಂಪೆನಿ ಆಯಿತು. ಹುಟ್ಟಿದ ವರ್ಷ ಮಾತ್ರ ಸಂಖ್ಯೆಯಲ್ಲಿ ಹಾಗೆಯೇ ಉಳಿದಿದೆ.

ನಡುವಿನ 'ಟಿಜೆಡ್' ನಮ್ಮವರಿಗೆ ವಿಶೇಷವಾದದ್ದು. ತಮಿಳುನಾಡಿನಲ್ಲಿ ಕಂಪೆನಿಗಳ ರಿಜಿಸ್ಟ್ರಾರರ ಕಚೇರಿಗಳು ಎರಡು, ಚೆನ್ನೈ ಮತ್ತು ಕೊಯಮತ್ತೂರು. ಕೃಷ್ಣಗಿರಿ ಜಿಲ್ಲೆ ಕೊಯಮತ್ತೂರಿಗೆ ಸೇರಿದ್ದು. ಅದರ ಗುರುತು ಟಿಜೆಡ್, ಚೆನ್ನೈಯದು ಟಿಎನ್. ಇಲ್ಲಿಯೇ 1980ರಿಂದ ಮೊಪೆಡ್ ತಯಾರಾದ ಕಾರ್ಖಾನೆಯುಳ್ಳ ಟಿ.ವಿ.ಎಸ್. ಮೋಟಾರ್ ಕಂಪೆನಿಯ ಸಂಖ್ಯೆಯಲ್ಲಿ 'ಟಿಎನ್ 1992' ಎಂದಿದೆ. ನೋಂದಾಯಿತ ಕಚೇರಿ ಚೆನ್ನೈಯಲ್ಲಿದೆ, ಈಗಿನ ಕಂಪೆನಿ ಕಾನೂನಿನ ಕಣ್ಣಿಗೆ ಹುಟ್ಟಿದ್ದು 1992ರಲ್ಲಿ. ಆದ್ದರಿಂದ ಕಾರ್ಖಾನೆ ಎಲ್ಲಿದೆ, ಎಷ್ಟು ಹಳೆಯದು ಎಂಬುದನ್ನು ಈ ಸಂಖ್ಯೆ ಹೇಳದು. ವ್ಯಾಜ್ಯ ಬಂದರೆ ನೋಟೀಸು ಯಾವ ಊರಿಗೆ ಕಳಿಸಬೇಕು ಎಂಬುದರ ಸುಳಿವನ್ನು ಕೊಡುತ್ತದೆ. ಗಡಿಯ ಆಚೆಯ ಅತ್ತಿಬೆಲೆಯಲ್ಲಿ ನೋಂದಾಯಿತವಾದ ಕಂಪೆನಿಗೆ 'ಕೆಎ' ಇರುತ್ತದೆ.

2013ರ ಕಂಪೆನಿ ಕಾಯಿದೆಯ 12ನೆಯ ಕಲಮಿನ ಪ್ರಕಾರ ಕಂಪೆನಿಯು ತನ್ನ ಪತ್ರ, ಬಿಲ್ಲು, ನೋಟೀಸುಗಳ ಮೇಲೆ ಹೆಸರು, ನೋಂದಾಯಿತ ಕಚೇರಿಯ ವಿಳಾಸಗಳೊಡನೆ ಈ ಸಂಖ್ಯೆಯನ್ನೂ ಅಚ್ಚುಮಾಡಿಸಲೇಬೇಕು. ಕೆಲಸ ಕೊಡುತ್ತೇವೆಂದು ಮುಂಗಡ ಕೇಳುವ ಪತ್ರದಲ್ಲಿ ಇದು ಇಲ್ಲದಿದ್ದರೆ ಅಲ್ಲಿಯೇ ನಿಲ್ಲತಕ್ಕದ್ದು. ಇದ್ದರೂ ಸಾಲದು, ದೊಡ್ಡ ಕಂಪೆನಿಯ ಸಂಖ್ಯೆಯನ್ನು ನಕಲು ಮಾಡಿ ಹಾಕಿಕೊಳ್ಳುವುದು ಕಷ್ಟವೇನಲ್ಲ. ಕೇಂದ್ರ ಸರಕಾರದ ಕಾರ್ಪೊರೇಟ್ ವ್ಯವಹಾರಗಳ ಮಂತ್ರಾಲಯದ ಜಾಲತಾಣದಲ್ಲಿ 'ಮಾಸ್ಟರ್ ಡೇಟಾ' ಎಂಬ ವಿಭಾಗವಿದೆ. ಅಲ್ಲಿ ಕಂಪೆನಿಯ ಹೆಸರನ್ನೋ ಸಂಖ್ಯೆಯನ್ನೋ ಕೊಟ್ಟರೆ ವಿಳಾಸ, ಹುಟ್ಟಿದ ದಿನಾಂಕ, ಬಂಡವಾಳ, ಕೊನೆಯ ಜಮಾಖರ್ಚು ಪಟ್ಟಿ ಸಲ್ಲಿಸಿದ ಕಾಲ, ಈಗಿನ ಸ್ಥಿತಿ ಎಲ್ಲವೂ ಕಾಣುತ್ತವೆ. ಪತ್ರದಲ್ಲಿನ ವಿಳಾಸ ಅದಕ್ಕೆ ತಾಳೆಯಾಗುತ್ತದೆಯೇ? 'ಮೂವತ್ತು ವರ್ಷದ ಅನುಭವ' ಎನ್ನುವವರ ಸಂಖ್ಯೆಯಲ್ಲಿ 2022 ಎಂದಿದೆಯೇ? ಸ್ಥಿತಿಯ ಕಡೆ 'ಸ್ಟ್ರೈಕ್ ಆಫ್' ಎಂದಿದ್ದರೆ ಹಾಜರಿ ಪುಸ್ತಕದಿಂದ ಹೆಸರು ಹೊಡೆದುಹಾಕಿದಂತೆ. 2017ರಲ್ಲಿ ದೇಶದಲ್ಲಿ 2 ಲಕ್ಷಕ್ಕೂ ಮಿಕ್ಕಿ ಕಂಪೆನಿಗಳ ಹೆಸರನ್ನು ಹೀಗೆ ಹೊಡೆದುಹಾಕಲಾಯಿತು.

ಊರಿನ ಅಂಗಡಿ, ಪಾಲುದಾರಿಕೆಯ ವ್ಯಾಪಾರಗಳಿಗೆ ಈ ಸಂಖ್ಯೆ ಇರುವುದಿಲ್ಲ, ಅದು ದೋಷವಲ್ಲ. ಬಿಲ್ಲಿನ ಮೇಲಿನ ಜಿ.ಎಸ್.ಟಿ. ಸಂಖ್ಯೆಯೇ ಬೇರೆ. ಅದಕ್ಕೆ 15 ಸ್ಥಾನಗಳು, ತಮಿಳುನಾಡಿನದು 33ರಿಂದಲೂ ಕರ್ನಾಟಕದ್ದು 29ರಿಂದಲೂ ಆರಂಭವಾಗುತ್ತದೆ. ಅದನ್ನೇ ತೋರಿಸಿ "ನಮ್ಮದು ಸರಕಾರದಲ್ಲಿ ನೋಂದಾಯಿತ ಕಂಪೆನಿ" ಎನ್ನುವ ಏಜೆಂಟರುಂಟು.

ಇಷ್ಟೆಲ್ಲ ತಾಳೆಯಾದ ಮೇಲೂ ಒಂದು ಮಾತು ಉಳಿಯುತ್ತದೆ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಹುಡುಗನ ಹೆಸರು, ಹುಟ್ಟಿದ ದಿನ, ತಂದೆಯ ವಿಳಾಸ ಇರುತ್ತವೆ. ಅವನ ನಡತೆ ಇರುವುದಿಲ್ಲ. ಈ ಸಂಖ್ಯೆಯೂ ಹಾಗೆಯೇ. ಈರೋಡು ಜಿಲ್ಲೆಯ ಪೆರುಂದುರೈಯ ಸುಸಿ ಈಮು ಫಾರ್ಮ್ಸ್ ಪ್ರೈವೇಟ್ ಲಿಮಿಟೆಡ್ ಕಂಪೆನಿಯೇ ಆಗಿತ್ತು. ಹಣ ಕಟ್ಟಿದವರಿಗೆ ಈಮು ಹಕ್ಕಿಗಳನ್ನು ಕೊಟ್ಟು, ತಿಂಗಳು ತಿಂಗಳು ಹಣ ಕೊಡುತ್ತೇವೆಂದಿತು. 2012ರಲ್ಲಿ ಅದು ಮುಳುಗಿದಾಗ ಹಸಿದ ಹಕ್ಕಿಗಳಿಗೆ ಪಶುಸಂಗೋಪನಾ ಇಲಾಖೆಯವರು ಮೇವು ಹಾಕಬೇಕಾಯಿತು. ತಿರುಪ್ಪೂರಿನ ಪಾಜೀ ಸಂಸ್ಥೆಯೂ ಪ್ರೈವೇಟ್ ಲಿಮಿಟೆಡ್ ಆಗಿಯೇ ಜನರಿಂದ ಠೇವಣಿ ಎತ್ತಿತು. ಅದರ ನಿರ್ದೇಶಕರಿಬ್ಬರಿಗೆ ಕೊಯಮತ್ತೂರಿನ ವಿಶೇಷ ನ್ಯಾಯಾಲಯ 2022ರಲ್ಲಿ 27 ವರ್ಷಗಳ ಸೆರೆ ವಿಧಿಸಿತು.

ಠೇವಣಿ ಕೇಳುವವರಿಗೆ ಹಾಕಬೇಕಾದ ಪ್ರಶ್ನೆಯೇ ಬೇರೆ. ಬ್ಯಾಂಕಲ್ಲದ ಹಣಕಾಸು ಕಂಪೆನಿಯಾದರೆ ಠೇವಣಿ ಪಡೆಯಲು ರಿಸರ್ವ್ ಬ್ಯಾಂಕಿನ ಅನುಮತಿ ಎಲ್ಲಿ? ಚೀಟಿಯಾದರೆ 1982ರ ಚಿಟ್ ಫಂಡ್ ಕಾಯಿದೆಯ ಮೇರೆಗೆ ಈ ಚೀಟಿಯ ನೋಂದಣಿ ಎಲ್ಲಿ? ರಿಸರ್ವ್ ಬ್ಯಾಂಕಿನ 'ಸಚೇತ್' ಜಾಲತಾಣದಲ್ಲಿ ಯಾರಿಗೆ ಠೇವಣಿ ಪಡೆಯಲು ಅನುಮತಿಯಿದೆ ಎಂದು ನೋಡಬಹುದು, ದೂರನ್ನೂ ಕೊಡಬಹುದು.

ಹಣ ಈಗಾಗಲೇ ಹೋಗಿದ್ದರೆ, ತಮಿಳುನಾಡಿನಲ್ಲಿ ಠೇವಣಿದಾರರ ರಕ್ಷಣೆಗೆಂದು 1997ರ ಕಾಯಿದೆಯಿದೆ. ಅದರ ಪ್ರಕಾರ ವಂಚಕರ ಆಸ್ತಿಯನ್ನು ಜಪ್ತಿ ಮಾಡಿಸಬಹುದು. ಪೊಲೀಸರ ಆರ್ಥಿಕ ಅಪರಾಧ ವಿಭಾಗಕ್ಕೆ ದೂರು ಬರೆಯುವಾಗ ರಸೀದಿಯ ಪ್ರತಿ, ಬ್ಯಾಂಕಿನ ಪಾಸ್‌ಬುಕ್ಕಿನ ಪುಟ, ಏಜೆಂಟನ ಹೆಸರು, ಇವುಗಳೊಡನೆ ಆ 21 ಸ್ಥಾನಗಳ ಸಂಖ್ಯೆಯನ್ನೂ ಒಂದಕ್ಷರ ತಪ್ಪದಂತೆ ನಮೂದಿಸಿರಿ. ಒಂದೇ ಬಗೆಯ ಹೆಸರಿನ ಕಂಪೆನಿಗಳು ಹಲವಿರುತ್ತವೆ; ಸಂಖ್ಯೆ ಒಂದಕ್ಕೆ ಒಂದೇ.