ಸೈಕಲ್ ಸವಾರನೂ ಮೊಬೈಲೂ

ಸೈಕಲ್ಲು ನಿಧಾನದ ವಾಹನ. ಅದನ್ನೇರಿ ಮೊಬೈಲು ನೋಡಿದರೆ ಹಾನಿಯೇನೆಂದು ನಮ್ಮ ಸಹಪಾಠಿಗಳಲ್ಲಿ ಕೆಲವರು ವಾದಿಸುವರು. ಈ ವಾದವು ಸಾಧುವಲ್ಲ. ಗಂಟೆಗೆ 15 ಕಿಲೋಮೀಟರಿನಂತೆ ಸಾಗುವ ಸವಾರನು 3 ಸೆಕೆಂಡು ಪರದೆಯನ್ನು ನೋಡಿದನೆಂದರೆ, 12 ಮೀಟರಿಗೂ ಹೆಚ್ಚು ದಾರಿಯನ್ನು ಕಣ್ಣು ಮುಚ್ಚಿಕೊಂಡೇ ಕ್ರಮಿಸಿದಂತಾಯಿತು. ಮೊಬೈಲು ಹಿಡಿದ ಕೈಗೆ ಬ್ರೇಕು ಎಟುಕದು. ಅಷ್ಟರಲ್ಲಿ ಪುಣೆಯ ಇಕ್ಕಟ್ಟಾದ ಬೀದಿಯಲ್ಲಿ ವೃದ್ಧರೊಬ್ಬರು ಅಡ್ಡಬಂದರೆ ಅವರ ಗತಿಯೇನು?

ಸೈಕಲ್ಲುಗಳಿಗೆ ಹೆಸರಾದ ನೆದರ್ಲೆಂಡ್ಸ್ ದೇಶವು 2019ರಲ್ಲಿ, ಸವಾರಿಯ ವೇಳೆ ಮೊಬೈಲು ಹಿಡಿಯುವುದನ್ನು ನಿಷೇಧಿಸಿತು. ಜಪಾನು 2024ರಲ್ಲಿ ಶಿಕ್ಷೆಯನ್ನು ಕಠಿಣಗೊಳಿಸಿತು. ನಮ್ಮ ದೇಶದಲ್ಲಿ ಮೋಟಾರು ಚಾಲಕರಿಗಿರುವ ನಿರ್ಬಂಧವು ಸೈಕಲ್ ಸವಾರರಿಗೂ ಅನ್ವಯಿಸಬೇಕು. ತುರ್ತು ಕರೆ ಬಂದರೆ, ಬದಿಯಲ್ಲಿ ಇಳಿದು ನಿಂತು ಮಾತನಾಡಲು ಯಾರ ಅಡ್ಡಿಯೂ ಇಲ್ಲವಷ್ಟೆ.

ವಿದ್ಯಾರ್ಥಿಮಿತ್ರರೇ, ಕಾಯಿದೆ ಬರುವವರೆಗೆ ನಮ್ಮ ವಿವೇಕವೇ ನಮಗೆ ಕಾಯಿದೆಯಾಗಲಿ.